ಔಟ್‌ಲುಕ್ ಕಸ್ಟಮ್ ಫಾರ್ಮ್ ತೆರೆಯುತ್ತಿಲ್ಲವೇ? ತಪ್ಪು ಎಲ್ಲಿದೆ ಎಂದು ಹುಡುಕಿ ಸರಿಮಾಡುವ ಬಗೆ

ಪಣಂಬೂರಿನಲ್ಲಿ ಬಂದರಿಗೆ ಹತ್ತಿರ ಒಂದು ಸಣ್ಣ ಆಫೀಸು. ಹಡಗಿಗೆ ಹೋಗುವ ಕಾಫಿ ಕಂಟೇನರ್‌ಗಳ ಕಾಗದಪತ್ರ ನೋಡಿಕೊಳ್ಳುವುದು ಅವರ ಕೆಲಸ. ಆರು ಕಂಪ್ಯೂಟರ್, ಆರರಲ್ಲೂ ಔಟ್‌ಲುಕ್. ಕಂಟೇನರ್ ನಂಬರ್, ಚೀಲಗಳ ಲೆಕ್ಕ, ಹಡಗಿನ ಹೆಸರು, ತಾರೀಕು ಎಲ್ಲ ತುಂಬಿ ಒಬ್ಬರಿಂದ ಒಬ್ಬರಿಗೆ ಕಳಿಸಲು ಒಂದು ಕಸ್ಟಮ್ ಫಾರ್ಮ್ ಮಾಡಿಸಿಕೊಂಡಿದ್ದರು.

ಜುಲೈ ತಿಂಗಳು. ರಾತ್ರಿಯಿಡೀ ಮಳೆ, ಕರೆಂಟ್ ಹೋಗುವುದು ಬರುವುದು. ಬೆಳಗ್ಗೆ ಅಲ್ಲಿನ ಅಕ್ಕ ಫೋನ್ ಮಾಡಿದರು. "ಎಂತ ಆಗಿದೆ ಅಂತ ಗೊತ್ತಾಗುದಿಲ್ಲ ಮಾರಾಯ್ರೆ. ನಿನ್ನೆ ಸಂಜೆವರೆಗೆ ಸರಿ ಇತ್ತು. ಈಗ ಮೇಲ್ ಒತ್ತಿದ್ರೆ ಒಂದು ಬಾಕ್ಸ್ ಬರ್ತದೆ. ಓಕೆ ಕೊಟ್ರೆ ಬರೀ ಖಾಲಿ ಮೇಲ್. ಬಾಕಿ ಐದು ಕಂಪ್ಯೂಟರಲ್ಲಿ ಎಂತ ತೊಂದರೆಯೂ ಇಲ್ಲ."

ಬಾಕ್ಸಿನಲ್ಲಿ ಇದ್ದದ್ದು "ದಿ ಕಸ್ಟಮ್ ಫಾರ್ಮ್ ಕುಡ್ ನಾಟ್ ಬಿ ಓಪನ್ಡ್, ಔಟ್‌ಲುಕ್ ವಿಲ್ ಯೂಸ್ ಆನ್ ಔಟ್‌ಲುಕ್ ಫಾರ್ಮ್ ಇನ್‌ಸ್ಟೆಡ್" ಎಂಬ ಸಾಲು. ನಿಮ್ಮ ಫಾರ್ಮ್ ತೆರೆಯಲು ಆಗಲಿಲ್ಲ, ಅದರ ಬದಲು ನನ್ನದೇ ಮಾಮೂಲಿ ಫಾರ್ಮ್ ತೋರಿಸುತ್ತೇನೆ ಎಂದು ಔಟ್‌ಲುಕ್ ಹೇಳುತ್ತಿದೆ. ಇದನ್ನು ನೋಡಿದ ಕೂಡಲೇ ಹೆಚ್ಚಿನವರು ಮೈಕ್ರೋಸಾಫ್ಟ್ ಆಫೀಸ್ ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿಸುತ್ತಾರೆ. ಅರ್ಧ ದಿನ ಹೋಗುತ್ತದೆ, ತಪ್ಪು ಹಾಗೆಯೇ ಉಳಿಯುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ. ತಪ್ಪು ಇರುವುದು ಬೇರೆ ಕಡೆ.

ಮೇಲ್ ಜೊತೆ ಫಾರ್ಮ್ ಬರುವುದಿಲ್ಲ, ಹೆಸರು ಮಾತ್ರ ಬರುತ್ತದೆ

ಇದೊಂದು ವಿಷಯ ಗೊತ್ತಾದರೆ ಮುಂದಿನದೆಲ್ಲ ಸುಲಭ.

ಹೋಟೆಲಿನಲ್ಲಿ ಸಪ್ಲೈಯರ್ ಒಳಗೆ ಚೀಟಿ ಕೊಡುತ್ತಾನಲ್ವಾ. ಚೀಟಿಯಲ್ಲಿ ತಿಂಡಿ ಇರುವುದಿಲ್ಲ, ತಿಂಡಿಯ ಹೆಸರು ಇರುತ್ತದೆ. "ಗೋಳಿಬಜೆ" ಎಂದು ಬರೆದು ಕೊಟ್ಟರೆ ನಮ್ಮ ಊರಿನ ಭಟ್ಟರಿಗೆ ಗೊತ್ತಾಗುತ್ತದೆ. ಅದನ್ನೇ ಮಂಗಳೂರು ಬಜ್ಜಿ ಎಂದು ಕರೆಯುವ ಬೆಂಗಳೂರಿನ ಹೋಟೆಲಿನಲ್ಲಿ ಆ ಚೀಟಿ ಕೊಟ್ಟರೆ ಒಳಗಿನವರು ತಲೆ ಕೆರೆದುಕೊಳ್ಳುತ್ತಾರೆ. ಮಾಡಲು ಬರುವುದಿಲ್ಲ ಅಂತಲ್ಲ, ಆ ಹೆಸರಿನಲ್ಲಿ ಅವರಲ್ಲಿ ಏನೂ ಇಲ್ಲ.

ಔಟ್‌ಲುಕ್‌ನಲ್ಲೂ ಇದೇ ನಡೆಯುತ್ತದೆ. ಪ್ರತಿ ಮೇಲ್, ಪ್ರತಿ ಕಾಂಟ್ಯಾಕ್ಟ್, ಪ್ರತಿ ಅಪಾಯಿಂಟ್‌ಮೆಂಟ್ ತನ್ನೊಳಗೆ ಒಂದು ಹೆಸರು ಇಟ್ಟುಕೊಂಡಿರುತ್ತದೆ. ಅದಕ್ಕೆ ಮೆಸೇಜ್ ಕ್ಲಾಸ್ ಎನ್ನುತ್ತಾರೆ. ಮಾಮೂಲಿ ಮೇಲ್‌ಗೆ ಅದು ಐಪಿಎಂ.ನೋಟ್. ಕಾಂಟ್ಯಾಕ್ಟ್‌ಗೆ ಐಪಿಎಂ.ಕಾಂಟ್ಯಾಕ್ಟ್, ಕ್ಯಾಲೆಂಡರ್‌ಗೆ ಐಪಿಎಂ.ಅಪಾಯಿಂಟ್‌ಮೆಂಟ್. ಪಣಂಬೂರಿನವರ ಫಾರ್ಮ್‌ಗೆ ಐಪಿಎಂ.ನೋಟ್.ಕಂಟೇನರ್ ಎಂದು ಇಟ್ಟಿದ್ದರು. ಮೇಲ್ ಮೇಲೆ ಡಬಲ್ ಕ್ಲಿಕ್ ಮಾಡಿದಾಗ ಔಟ್‌ಲುಕ್ ಆ ಹೆಸರು ಓದಿ, ಆ ಹೆಸರಿನ ಫಾರ್ಮ್ ತನ್ನಲ್ಲಿ ಎಲ್ಲಿದೆ ಎಂದು ಹುಡುಕುತ್ತದೆ. ಮೊದಲು ಕಂಪ್ಯೂಟರಿನಲ್ಲಿ ಇಟ್ಟುಕೊಂಡ ಕ್ಯಾಶೆ, ಅಂದರೆ ಬಳಸಿದ ಫಾರ್ಮ್‌ಗಳ ಪ್ರತಿ. ಆಮೇಲೆ ಆ ಫೋಲ್ಡರಿಗೇ ಸೇರಿದ ಫಾರ್ಮ್ ಲೈಬ್ರರಿ, ಅಂದರೆ ಫಾರ್ಮ್‌ಗಳನ್ನು ಇಡುವ ಜಾಗ. ಆಮೇಲೆ ನಿಮ್ಮ ಪರ್ಸನಲ್ ಫಾರ್ಮ್ಸ್ ಲೈಬ್ರರಿ. ಕೊನೆಗೆ, ಸಂಸ್ಥೆಯ ಮೇಲ್ ನಡೆಸುವ ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಸರ್ವರ್ ಇದ್ದರೆ, ಸಂಸ್ಥೆಗೆಲ್ಲ ಒಂದೇ ಆದ ಆರ್ಗನೈಸೇಷನಲ್ ಫಾರ್ಮ್ಸ್ ಲೈಬ್ರರಿ.

ಎಲ್ಲೂ ಸಿಗದಿದ್ದರೆ ಹೆಸರಿನ ಕೊನೆಯ ತುಂಡು ಬಿಟ್ಟು ಅದರ ಹಿಂದಿನದನ್ನು ತೆರೆಯುತ್ತದೆ. ಐಪಿಎಂ.ನೋಟ್.ಕಂಟೇನರ್ ಇಲ್ಲವೇ, ಸರಿ, ಐಪಿಎಂ.ನೋಟ್ ತೋರಿಸೋಣ ಎಂದು. ಅಕ್ಕ ಕಂಡ ಖಾಲಿ ಮೇಲ್ ಅದೇ. ಒಳಗಿನ ಮಾಹಿತಿ ಹೋಗಿಲ್ಲ. ತೋರಿಸುವ ಫಾರ್ಮ್ ಸಿಕ್ಕಿಲ್ಲ, ಅಷ್ಟೇ. ಇದನ್ನು ಮೊದಲು ಫೋನಿನಲ್ಲೇ ಹೇಳಿಬಿಡಿ. ಎದುರಿನವರಿಗೆ ಅರ್ಧ ಸಮಾಧಾನ ಆಗುತ್ತದೆ.

ಯಾವ ಔಟ್‌ಲುಕ್ ಎಂದು ನೋಡಿ

ವಿಂಡೋಸ್‌ನಲ್ಲಿ ಈಗ ಎರಡು ಔಟ್‌ಲುಕ್ ಇವೆ. ಹಳೆಯದಕ್ಕೆ ಸ್ಟಾರ್ಟ್ ಮೆನುವಿನಲ್ಲಿ ಔಟ್‌ಲುಕ್ ಕ್ಲಾಸಿಕ್ ಎಂದು ಹೆಸರು. ಹೊಸ ಔಟ್‌ಲುಕ್‌ನಲ್ಲಿ ಈ ಕಸ್ಟಮ್ ಫಾರ್ಮ್‌ಗಳು ನಡೆಯುವುದೇ ಇಲ್ಲ. ಮ್ಯಾಕ್‌ನಲ್ಲಿ ಇಲ್ಲ, ಮೊಬೈಲಿನಲ್ಲಿ ಇಲ್ಲ, ಬ್ರೌಸರಿನಲ್ಲಿ ತೆರೆದರೂ ಮಾಮೂಲಿ ಮೇಲ್ ಆಗಿಯೇ ಕಾಣುತ್ತದೆ. ಮೇಲೆ ಬಲಗಡೆಯ ಸ್ವಿಚ್ಚನ್ನು ಯಾರೋ ಸುಮ್ನೆ ಒತ್ತಿ ಹೊಸದಕ್ಕೆ ಹೋಗಿದ್ದರೆ, ಅದನ್ನು ಹಿಂದಕ್ಕೆ ಹಾಕಿದರೆ ಮುಗಿಯಿತು. ಕ್ಲಾಸಿಕ್‌ಗೆ ಕಡಿಮೆಯೆಂದರೂ 2029ರ ತನಕ ಬೆಂಬಲ ಕೊಡುತ್ತೇವೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಈ ಬರಹದಲ್ಲಿ ಮುಂದೆ ಹೇಳುವುದೆಲ್ಲ ಕ್ಲಾಸಿಕ್ ಬಗ್ಗೆ.

ಮೇಲ್ ಒಳಗಿನ ಹೆಸರು ಓದುವುದು

ಈಗ ಚೀಟಿಯಲ್ಲಿ ಏನು ಬರೆದಿದೆ ಎಂದು ನೋಡಬೇಕು. ಊಹೆ ಮಾಡಬೇಡಿ, ಕಣ್ಣಿನಿಂದ ನೋಡಿ.

ತೊಂದರೆ ಕೊಡುವ ಮೇಲ್ ಇರುವ ಫೋಲ್ಡರ್ ತೆರೆಯಿರಿ. ಮೇಲಿನ ಕಾಲಂ ಹೆಸರುಗಳ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಫೀಲ್ಡ್ ಚೂಸರ್ ಆರಿಸಿ. ಸಣ್ಣ ಕಿಟಕಿ ಬರುತ್ತದೆ. ಅದರ ತಲೆಯಲ್ಲಿರುವ ಪಟ್ಟಿಯಲ್ಲಿ ಆಲ್ ಮೇಲ್ ಫೀಲ್ಡ್ಸ್ ಎಂದು ಬದಲಿಸಿ. ಕೆಳಗೆ ಹುಡುಕಿದರೆ ಮೆಸೇಜ್ ಕ್ಲಾಸ್ ಸಿಗುತ್ತದೆ. ಅದನ್ನು ಎಳೆದು ಕಾಲಂ ಸಾಲಿನಲ್ಲಿ ಬಿಡಿ. ಕಾಂಟ್ಯಾಕ್ಟ್ ಫೋಲ್ಡರ್ ಆದರೆ ಅದನ್ನು ಮೊದಲು ಲಿಸ್ಟ್ ವ್ಯೂಗೆ ಬದಲಿಸಿಕೊಂಡು, ಆಲ್ ಕಾಂಟ್ಯಾಕ್ಟ್ ಫೀಲ್ಡ್ಸ್‌ನಲ್ಲಿ ಹುಡುಕಿ.

ಈಗ ಪ್ರತಿ ಮೇಲ್ ಎದುರು ಅದರ ಹೆಸರು ಕಾಣುತ್ತದೆ. ಅದನ್ನು ಅಕ್ಷರ ಬಿಡದೆ ಒಂದು ಕಾಗದದಲ್ಲಿ ಬರೆದುಕೊಳ್ಳಿ.

ಇಲ್ಲಿ ಕೆಲವೊಮ್ಮೆ ಅಚ್ಚರಿ ಕಾದಿರುತ್ತದೆ. ನೀವು ಮಾಡಿದ ಫಾರ್ಮ್‌ನ ಹೆಸರೇ ಅಲ್ಲ, ಮತ್ಯಾವುದೋ ಉದ್ದದ ಹೆಸರು ಇರುತ್ತದೆ. ಹಳೆ ಮೇಲ್‌ಗಳನ್ನು ಬೇರೆಡೆಗೆ ಸಾಗಿಸಿಡುವ ಆರ್ಕೈವ್ ಸಾಫ್ಟ್‌ವೇರ್‌ಗಳು, ಸಹಿ ಹಾಕಿ ಬೀಗ ಹಾಕಿದ ಮೇಲ್‌ಗಳು, ವಾಯ್ಸ್ ಮೇಲ್‌ಗಳು, ಇವೆಲ್ಲ ತಮ್ಮದೇ ಮೆಸೇಜ್ ಕ್ಲಾಸ್ ಇಟ್ಟುಕೊಳ್ಳುತ್ತವೆ. ಆ ಸಾಫ್ಟ್‌ವೇರಿನ ಆಡ್-ಇನ್ (ಔಟ್‌ಲುಕ್‌ಗೆ ಜೋಡಿಸುವ ಹೆಚ್ಚಿನ ತುಂಡು) ಈ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ, ಅಥವಾ ಔಟ್‌ಲುಕ್ ಅದನ್ನು ಆಫ್ ಮಾಡಿಟ್ಟಿದ್ದರೆ, ಇದೇ ತರದ ಎರರ್ ಬರಬಹುದು. ಆಗ ಫೈಲ್, ಆಪ್ಷನ್ಸ್, ಆಡ್-ಇನ್ಸ್‌ಗೆ ಹೋಗಿ ಡಿಸೇಬಲ್ಡ್ ಪಟ್ಟಿ ನೋಡಿ. ನಿಮ್ಮ ಫಾರ್ಮ್‌ಗೂ ಇದಕ್ಕೂ ಸಂಬಂಧ ಇಲ್ಲ.

ಕ್ಯಾಶೆ ಖಾಲಿ ಮಾಡಿ

ಒಂದೇ ಕಂಪ್ಯೂಟರಿನಲ್ಲಿ ತೊಂದರೆ, ಉಳಿದವರಲ್ಲಿ ಸರಿ ಇದೆ ಎಂದಾದರೆ ನಾನು ಮೊದಲು ಕೈ ಹಾಕುವುದು ಕ್ಯಾಶೆಗೆ. ಬಳಸಿದ ಫಾರ್ಮ್‌ಗಳ ಒಂದು ಪ್ರತಿಯನ್ನು ಔಟ್‌ಲುಕ್ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುತ್ತದೆ. ಪ್ರತಿ ಸಲ ಸರ್ವರ್ ತನಕ ಓಡುವ ಕೆಲಸ ಉಳಿಯಲಿ ಎಂದು. ಬರೆಯುತ್ತಿರುವಾಗ ಕರೆಂಟ್ ಹೋದರೆ ಆ ಪ್ರತಿ ಕೆಡಬಹುದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದು ಹೊಸತೇನಲ್ಲ. ಯುಪಿಎಸ್ ಬ್ಯಾಟರಿ ಹಳತಾದ ಆಫೀಸುಗಳಿಂದ ಜೂನ್, ಜುಲೈನಲ್ಲಿ ನನಗೆ ಇಂಥ ಫೋನ್ ಜಾಸ್ತಿ.

ಮೆತ್ತಗಿನ ದಾರಿ ಮೊದಲು. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್. ಪುಟವನ್ನು ಕೆಳಗಿನ ತನಕ ಎಳೆಯಿರಿ. ಡೆವಲಪರ್ಸ್ ಎಂಬ ಭಾಗದಲ್ಲಿ ಕಸ್ಟಮ್ ಫಾರ್ಮ್ಸ್ ಬಟನ್ ಇದೆ. ಅದನ್ನು ಒತ್ತಿ, ಮ್ಯಾನೇಜ್ ಫಾರ್ಮ್ಸ್ ಒತ್ತಿ, ಕ್ಲಿಯರ್ ಕ್ಯಾಶೆ ಕೊಡಿ. ಔಟ್‌ಲುಕ್ ಮುಚ್ಚಿ, ಮತ್ತೆ ತೆರೆದು, ಆ ಮೇಲ್ ತೆರೆದು ನೋಡಿ.

ಆಗಲಿಲ್ಲವೇ? ಔಟ್‌ಲುಕ್ ಪೂರ್ತಿ ಮುಚ್ಚಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದು ಹಿಂದೆ ಓಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ವಿಂಡೋಸ್ ಬಳಕೆದಾರರ ಫೋಲ್ಡರಿನೊಳಗೆ ಆಪ್‌ಡೇಟಾ, ಅದರೊಳಗೆ ಲೋಕಲ್, ಮೈಕ್ರೋಸಾಫ್ಟ್, ಫಾರ್ಮ್ಸ್. ಆಪ್‌ಡೇಟಾ ಮರೆಯಾಗಿರುವ ಫೋಲ್ಡರ್, ಹಾಗಾಗಿ ಹಿಡನ್ ಐಟಮ್ಸ್ ತೋರಿಸು ಎಂದು ಟಿಕ್ ಮಾಡಬೇಕು. ಫಾರ್ಮ್ಸ್ ಒಳಗೆ ಎಫ್‌ಆರ್‌ಎಂಕ್ಯಾಶೆ ಎಂಬ ಡ್ಯಾಟ್ ಫೈಲ್ ಇರುತ್ತದೆ. ಅದನ್ನು ಅಳಿಸುವ ಬದಲು ಹೆಸರು ಬದಲಿಸಿ, ಕೊನೆಗೆ "ಹಳೆ" ಎಂದು ಸೇರಿಸಿದರೂ ಸಾಕು. ಔಟ್‌ಲುಕ್ ತೆರೆದು ಬಳಸುತ್ತಿದ್ದಂತೆ ಅದೇ ಹೊಸದನ್ನು ಕಟ್ಟಿಕೊಳ್ಳುತ್ತದೆ. ಇದರಿಂದ ಮೇಲ್ ಹೋಗುವುದಿಲ್ಲ, ಪಬ್ಲಿಶ್ ಮಾಡಿದ, ಅಂದರೆ ಲೈಬ್ರರಿಗೆ ಹಾಕಿದ ಫಾರ್ಮ್ ಕೂಡ ಹೋಗುವುದಿಲ್ಲ. ಹೆದರಬೇಡಿ.

ಅಕ್ಕನ ಕಂಪ್ಯೂಟರಿನಲ್ಲಿ ಇದು ಮಾಡಿದ ಮೇಲೆ ಎರರ್ ಬಾಕ್ಸ್ ನಿಂತಿತು. ಆದರೆ ತೆರೆದದ್ದು ಹಳೆ ಫಾರ್ಮ್. ಹಡಗಿನ ಹೆಸರಿನ ಜಾಗವೇ ಇಲ್ಲದ, ಎರಡು ವರ್ಷ ಹಿಂದಿನ ಫಾರ್ಮ್!

ಒಂದೇ ಹೆಸರಿನ ಎರಡು ಫಾರ್ಮ್

ನಾನು ನೋಡಿದ ಗೊಂದಲಗಳಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವುದು ಇದು. ಫಾರ್ಮ್ ಮಾಡಿದವರು ಮೊದಲು ಪರೀಕ್ಷೆಗೆಂದು ಪರ್ಸನಲ್ ಫಾರ್ಮ್ಸ್‌ಗೆ ಪಬ್ಲಿಶ್ ಮಾಡುತ್ತಾರೆ. ಸರಿ ಬಂದ ಮೇಲೆ ಎಲ್ಲರಿಗೂ ಸಿಗಲಿ ಎಂದು ಆರ್ಗನೈಸೇಷನಲ್ ಲೈಬ್ರರಿಗೂ ಹಾಕುತ್ತಾರೆ. ಮೊದಲಿನದನ್ನು ಅಳಿಸಲು ಮರೆಯುತ್ತಾರೆ. ಈಗ ಒಂದೇ ಹೆಸರಿನಲ್ಲಿ ಎರಡು ಫಾರ್ಮ್. ಮೇಲೆ ಹೇಳಿದ ಹುಡುಕಾಟದ ಕ್ರಮ ನೆನಪಿಸಿಕೊಳ್ಳಿ. ಪರ್ಸನಲ್ ಮೊದಲು, ಆರ್ಗನೈಸೇಷನಲ್ ಆಮೇಲೆ. ಹಾಗಾಗಿ ಆ ಒಬ್ಬರಿಗೆ ಮಾತ್ರ ಯಾವಾಗಲೂ ಹಳೆಯದೇ ತೆರೆಯುತ್ತದೆ. ಹೊಸದನ್ನು ಹತ್ತು ಸಲ ತಿದ್ದಿ ಪಬ್ಲಿಶ್ ಮಾಡಿದರೂ ಅವರಿಗೆ ಕಾಣುವುದಿಲ್ಲ.

ಹುಡುಕುವುದು ಹೀಗೆ. ಕ್ಯಾಶೆ ಖಾಲಿ ಮಾಡಲು ಹೋಗಿದ್ದ ಅದೇ ಮ್ಯಾನೇಜ್ ಫಾರ್ಮ್ಸ್ ಕಿಟಕಿ ತೆರೆಯಿರಿ. ಅದರಲ್ಲಿ ಎಡಕ್ಕೊಂದು ಬಲಕ್ಕೊಂದು ಪಟ್ಟಿ. ಎರಡಕ್ಕೂ ಮೇಲೆ ಸೆಟ್ ಎಂಬ ಬಟನ್. ಒಂದು ಕಡೆ ಪರ್ಸನಲ್ ಫಾರ್ಮ್ಸ್, ಇನ್ನೊಂದು ಕಡೆ ಆರ್ಗನೈಸೇಷನಲ್ ಆರಿಸಿ. ಎರಡರಲ್ಲೂ ನಿಮ್ಮ ಫಾರ್ಮ್ ಕಂಡರೆ ತಪ್ಪು ಸಿಕ್ಕಿತು. ಆಮೇಲೆ ಸೆಟ್ ಒತ್ತಿ ಇನ್‌ಬಾಕ್ಸ್ ಮತ್ತು ಫಾರ್ಮ್ ಬಳಸುವ ಬೇರೆ ಫೋಲ್ಡರುಗಳನ್ನೂ ಒಂದೊಂದಾಗಿ ನೋಡಿ. ಫೋಲ್ಡರಿನೊಳಗೆ ಪಬ್ಲಿಶ್ ಆದ ಪ್ರತಿ ಇದ್ದರೆ ಅದು ಪರ್ಸನಲ್‌ಗಿಂತಲೂ ಮೊದಲೇ ಸಿಗುತ್ತದೆ.

ಅಳಿಸುವ ಮೊದಲು ಆ ಫಾರ್ಮ್ ಆರಿಸಿ, ಸೇವ್ ಆಸ್ ಕೊಟ್ಟು ಒಂದು ಎಫ್‌ಡಿಎಂ ಫೈಲ್ ಆಗಿ ಇಟ್ಟುಕೊಳ್ಳಿ. ಬೇಕಾದರೆ ಅದೇ ಕಿಟಕಿಯ ಇನ್‌ಸ್ಟಾಲ್ ಬಟನಿನಿಂದ ವಾಪಸ್ ತರಬಹುದು. ಆಮೇಲೆ ಬೇಡದ ಪ್ರತಿ ಡಿಲೀಟ್ ಮಾಡಿ, ಕ್ಯಾಶೆ ಮತ್ತೊಮ್ಮೆ ಖಾಲಿ ಮಾಡಿ. ಒಂದು ಫಾರ್ಮ್ ಒಂದೇ ಕಡೆ ಇರಲಿ.

ಪರ್ಸನಲ್ ಲೈಬ್ರರಿ ಬಗ್ಗೆ ಇನ್ನೊಂದು ಮಾತು. ಅದು ಕಂಪ್ಯೂಟರಿನಲ್ಲಿ ಎಲ್ಲೋ ಬೇರೆ ಇರುವುದಲ್ಲ, ನಿಮ್ಮ ಡೀಫಾಲ್ಟ್ ಮೇಲ್‌ಬಾಕ್ಸ್ ಅಥವಾ ಪಿಎಸ್‌ಟಿ ಫೈಲಿನ (ಮೇಲ್‌ಗಳನ್ನು ಕಂಪ್ಯೂಟರಿನಲ್ಲೇ ಇಡುವ ಔಟ್‌ಲುಕ್ ಫೈಲ್) ಒಳಗೇ ಅಡಗಿರುತ್ತದೆ. ಎಕ್ಸ್‌ಚೇಂಜ್ ಮೇಲ್‌ಬಾಕ್ಸ್ ಆದರೆ ಹೊಸ ಲ್ಯಾಪ್‌ಟಾಪಿಗೂ ಹಿಂದೆಯೇ ಬರುತ್ತದೆ. ಪಿಎಸ್‌ಟಿ ಆದರೆ ಬರುವುದಿಲ್ಲ. ಉಡುಪಿಯ ಒಂದು ಅಂಗಡಿಯವರು ಹೊಸ ಕಂಪ್ಯೂಟರಿನಲ್ಲಿ ಹೊಸ ಪ್ರೊಫೈಲ್ ಮಾಡಿಸಿ, "ಫಾರ್ಮ್ ಎಲ್ಲ ಮಾಯ ಆಯ್ತು" ಎಂದು ಬೇಸರದಲ್ಲಿದ್ದರು. ಹಳೆ ಪಿಎಸ್‌ಟಿ ಫೈಲನ್ನು ಸೇರಿಸಿ ಅದನ್ನೇ ಡೀಫಾಲ್ಟ್ ಮಾಡಿದ ಕೂಡಲೇ ಎಲ್ಲ ಅಲ್ಲೇ ಇತ್ತು.

ಫಾರ್ಮ್ ತೆರೆಯುತ್ತದೆ, ಬಟನ್ ಮಾತ್ರ ಸತ್ತಿದೆ

ಇದು ಬೇರೆಯೇ ಕಾಯಿಲೆ. ಎರರ್ ಬರುವುದಿಲ್ಲ, ಅದಕ್ಕೇ ಜನ ಹೆಚ್ಚು ಒದ್ದಾಡುತ್ತಾರೆ.

ಕಂಟೇನರ್ ನಂಬರಿನಲ್ಲಿ 4 ಅಕ್ಷರ, 7 ಅಂಕಿ, ಒಟ್ಟು 11 ಇರಬೇಕು. ಪಣಂಬೂರಿನ ಫಾರ್ಮ್‌ನಲ್ಲಿ ಒಂದು ಬಟನ್ ಇತ್ತು. ಒತ್ತಿದರೆ 11 ಇದೆಯೇ ಎಂದು ಎಣಿಸಿ, ಕಡಿಮೆ ಇದ್ದರೆ ಹೇಳುತ್ತಿತ್ತು. ಹಿಂದೊಮ್ಮೆ ಕಂಪ್ಯೂಟರ್ ಬದಲಿಸಿದ ಮೇಲೆ ಆ ಬಟನ್ ಕೆಲಸವನ್ನೇ ಮಾಡಲಿಲ್ಲ. ಹನ್ನೊಂದರ ಬದಲು ಒಟ್ಟು ಹತ್ತೇ ಹಾಕಿದ ಮೇಲ್‌ಗಳು ಹಾಗೆಯೇ ಹೋದವು. ತಪ್ಪು ನಂಬರ್ ಹೋದರೆ ಗೇಟಿನಲ್ಲಿ ಲಾರಿ ನಿಲ್ಲುತ್ತದೆ. ಡ್ರೈವರ್ ಬಿಸಿಲಲ್ಲೋ ಮಳೆಯಲ್ಲೋ ಕಾಯಬೇಕು. ಸಣ್ಣ ಬಟನ್ ಎಂದು ಬಿಡುವ ಹಾಗಿಲ್ಲ.

ಕಾರಣ ಇದು. ಫಾರ್ಮ್ ಹಿಂದಿನ ಕೋಡ್ ವಿಬಿಸ್ಕ್ರಿಪ್ಟ್ ಎಂಬ ಮೈಕ್ರೋಸಾಫ್ಟ್‌ನ ಹಳೆಯ ಸ್ಕ್ರಿಪ್ಟ್ ಭಾಷೆಯಲ್ಲಿ ಇರುತ್ತದೆ. 2017ರ ಸೆಪ್ಟೆಂಬರ್ ತಿಂಗಳ ಸೆಕ್ಯೂರಿಟಿ ಅಪ್‌ಡೇಟ್‌ಗಳ ನಂತರ, ಕಸ್ಟಮ್ ಫಾರ್ಮ್ ಸ್ಕ್ರಿಪ್ಟ್ ಓಡಬಾರದು ಎಂಬುದೇ ಔಟ್‌ಲುಕ್‌ನ ಡೀಫಾಲ್ಟ್. ಓಡಬೇಕೆಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಎರಡು ಕಡೆ ಒಪ್ಪಿಗೆ ಕೊಡಬೇಕು. ಒಂದನ್ನು ಮಾತ್ರ ಮಾಡಿ ಇನ್ನೊಂದು ಬಿಟ್ಟರೆ ಏನೂ ಆಗುವುದಿಲ್ಲ.

ಮೊದಲನೆಯದು ಇಡೀ ಕಂಪ್ಯೂಟರಿಗೆ. ಲೋಕಲ್ ಮೆಷಿನ್ ಕೊಂಬೆಯಲ್ಲಿ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಆಫೀಸ್, ಅದರೊಳಗೆ 16.0, ಔಟ್‌ಲುಕ್, ಸೆಕ್ಯೂರಿಟಿ. ಅಲ್ಲಿ ಡಿಸೇಬಲ್ ಕಸ್ಟಮ್ ಫಾರ್ಮ್ ಐಟಮ್ ಸ್ಕ್ರಿಪ್ಟ್ ಎಂಬ ಡಿವರ್ಡ್ (ಅಂಕಿ ಇಡುವ) ಮೌಲ್ಯ ಮಾಡಿ 0 ಇಡಬೇಕು. ಹೆಸರನ್ನು ಇಂಗ್ಲಿಷಿನಲ್ಲಿ, ನಡುವೆ ಸ್ಪೇಸ್ ಇಲ್ಲದೆ ಟೈಪ್ ಮಾಡಿ. ಕ್ಲಿಕ್ ಟು ರನ್ (ಇಂಟರ್ನೆಟ್‌ನಿಂದ ಇಳಿಸಿ ಹಾಕುವ ಮೈಕ್ರೋಸಾಫ್ಟ್‌ನ ವಿಧಾನ) ಮೂಲಕ ಇನ್‌ಸ್ಟಾಲ್ ಆದ ಆಫೀಸ್ ಆದರೆ ಈ ದಾರಿ ಕ್ಲಿಕ್ ಟು ರನ್‌ನ ಸ್ವಂತ ಕೊಂಬೆಯ ಒಳಗೆ ಇರುತ್ತದೆ. ತಪ್ಪು ಕೊಂಬೆಯಲ್ಲಿ ಬರೆದು "ಮಾಡಿದ್ದೇನೆ, ಆಗುತ್ತಿಲ್ಲ" ಎನ್ನುವವರೇ ಜಾಸ್ತಿ. 16.0 ಎಂದರೆ 2016, 2019, 2021 ಮತ್ತು ಮೈಕ್ರೋಸಾಫ್ಟ್ 365. 2013 ಆದರೆ 15.0.

ಎರಡನೆಯದು ಬಳಕೆದಾರರಿಗೆ. ಕರೆಂಟ್ ಯೂಸರ್ ಕೊಂಬೆಯಲ್ಲಿ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಆಫೀಸ್, 16.0, ಔಟ್‌ಲುಕ್, ಫಾರ್ಮ್ಸ್. ಅದರ ಕೆಳಗೆ ಟ್ರಸ್ಟೆಡ್ ಫಾರ್ಮ್ ಸ್ಕ್ರಿಪ್ಟ್ ಲಿಸ್ಟ್ ಎಂಬ ಕೀ, ಇದೂ ಸ್ಪೇಸ್ ಇಲ್ಲದೆ. ಅದರೊಳಗೆ ಒಂದು ಸ್ಟ್ರಿಂಗ್ ಮೌಲ್ಯ ಮಾಡಿ, ಅದಕ್ಕೆ ನಿಮ್ಮ ಫಾರ್ಮ್‌ನ ಮೆಸೇಜ್ ಕ್ಲಾಸ್‌ನ ಹೆಸರನ್ನೇ ಕೊಡಿ. ಮೊದಲು ಕಾಗದದಲ್ಲಿ ಬರೆದುಕೊಂಡಿರಲ್ವಾ, ಅದೇ ಹೆಸರು. ಒಂದು ಅಕ್ಷರ ತಪ್ಪಿದರೂ ಸ್ಕ್ರಿಪ್ಟ್ ಓಡುವುದಿಲ್ಲ.

ರಿಜಿಸ್ಟ್ರಿ ಮುಟ್ಟುವ ಮೊದಲು ಆ ಕೀಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಮೊದಲನೆಯದಕ್ಕೆ ಅಡ್ಮಿನ್ ಹಕ್ಕು ಬೇಕು. ದೊಡ್ಡ ಸಂಸ್ಥೆಯಲ್ಲಿ ಇದ್ದರೆ ನೀವೇ ಮಾಡಬೇಡಿ, ಐಟಿ ವಿಭಾಗಕ್ಕೆ ಹೇಳಿ ಮಾಡಿಸಿ. ಈ ಬಾಗಿಲನ್ನು ಮುಚ್ಚಿದ್ದು ಸುಮ್ನೆ ಅಲ್ಲ. ಕೆಟ್ಟ ಉದ್ದೇಶದವರು ಇದೇ ದಾರಿಯಲ್ಲಿ ಕೋಡ್ ನುಗ್ಗಿಸಬಹುದು. ಹಾಗಾಗಿ ನಿಮಗೆ ಗೊತ್ತಿರುವ ಫಾರ್ಮ್‌ನ ಹೆಸರು ಮಾತ್ರ ಪಟ್ಟಿಗೆ ಸೇರಿಸಿ.

ಇಷ್ಟಾದರೂ ಸ್ಕ್ರಿಪ್ಟ್ ಓಡದಿದ್ದರೆ ಇನ್ನೆರಡು ವಿಷಯ ನೋಡಿ.

ಪಬ್ಲಿಶ್ ಆಗದ ಫಾರ್ಮ್‌ನಲ್ಲಿ ಕೋಡ್ ಓಡುವುದಿಲ್ಲ. ಓಎಫ್‌ಟಿ ಫೈಲನ್ನು, ಅಂದರೆ ಟೆಂಪ್ಲೇಟ್ ಆಗಿ ಉಳಿಸಿದ ಫಾರ್ಮ್ ಅನ್ನು, ಡೆಸ್ಕ್‌ಟಾಪಿನಲ್ಲಿ ಇಟ್ಟುಕೊಂಡು ಡಬಲ್ ಕ್ಲಿಕ್ ಮಾಡಿ ಬಳಸುವವರಿದ್ದಾರೆ. ಅದು ಪಬ್ಲಿಶ್ ಅಲ್ಲ. ಹಾಗೆಯೇ ಫಾರ್ಮ್ ಡಿಸೈನ್‌ನ ಪ್ರಾಪರ್ಟೀಸ್ ಪುಟದಲ್ಲಿ "ಸೆಂಡ್ ಫಾರ್ಮ್ ಡೆಫಿನಿಷನ್ ವಿತ್ ಐಟಮ್" ಎಂಬ ಟಿಕ್ ಇದೆ. ಅದನ್ನು ಹಾಕಿದರೆ ಫಾರ್ಮ್ ಪೂರ್ತಿಯಾಗಿ ಮೇಲ್ ಒಳಗೇ ತುಂಬಿಕೊಂಡು ಹೋಗುತ್ತದೆ. ಒಳ್ಳೆಯದೇ ಅಲ್ವಾ ಎಂದು ತೋರುತ್ತದೆ. ಆದರೆ ಹಾಗೆ ಹೋದ ಮೇಲ್ ಲೈಬ್ರರಿಯ ಜೊತೆಗಿನ ನಂಟು ಕಳೆದುಕೊಳ್ಳುತ್ತದೆ. ಸೈಜ್ ದೊಡ್ಡದಾಗುತ್ತದೆ, ಕೋಡ್ ಓಡುವುದಿಲ್ಲ, ಮುಂದೆ ನೀವು ಫಾರ್ಮ್ ತಿದ್ದಿದರೂ ಆ ಮೇಲ್ ಹಳೆಯದನ್ನೇ ತೋರಿಸುತ್ತದೆ. ಆ ಟಿಕ್ ತೆಗೆಯಿರಿ.

ಎರಡನೆಯದು ವಿಬಿಸ್ಕ್ರಿಪ್ಟ್ ವಿಂಡೋಸ್‌ನಲ್ಲೇ ಇದೆಯೇ ಎಂಬುದು. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಅದು ಬೇಕಾದರೆ ಇಟ್ಟುಕೊಳ್ಳುವ, ಬೇಡವಾದರೆ ತೆಗೆಯಬಹುದಾದ ಭಾಗವಾಗಿದೆ. ಡೀಫಾಲ್ಟ್ ಆಗಿ ಇದೆ, ಆದರೆ ಯಾರೋ ತೆಗೆದಿರಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ಆಪ್ಷನಲ್ ಫೀಚರ್ಸ್‌ನಲ್ಲಿ ನೋಡಿ. 2027ರ ಹೊತ್ತಿಗೆ ಅದು ಡೀಫಾಲ್ಟ್ ಆಗಿ ಇರುವುದಿಲ್ಲ, ಆಮೇಲೆ ಪೂರ್ತಿ ಹೋಗುತ್ತದೆ ಎಂದು ಮೈಕ್ರೋಸಾಫ್ಟ್ 2024ರಲ್ಲೇ ತಿಳಿಸಿದೆ. ಹಾಗಾಗಿ ಹೊಸದಾಗಿ ಕೋಡ್ ಇರುವ ಫಾರ್ಮ್ ಮಾಡಿಸುವ ಯೋಚನೆ ಇದ್ದರೆ ನಾನು ಬೇಡ ಎನ್ನುತ್ತೇನೆ. ಈಗಾಗಲೇ ಇರುವುದನ್ನು ನಡೆಸಿಕೊಂಡು ಹೋಗಿ, ಜೊತೆಗೆ ಬೇರೆ ದಾರಿ ಹುಡುಕಿ.

ಕೋಡ್‌ನಲ್ಲೇ ತಪ್ಪಿದ್ದರೆ

ಶಿಫ್ಟ್ ಕೀ ಒತ್ತಿ ಹಿಡಿದು ಮೇಲ್ ತೆರೆಯಿರಿ. ಆಗ ಕೋಡ್ ಓಡದೆ ಬರೀ ಫಾರ್ಮ್ ತೆರೆಯುತ್ತದೆ. ಹೀಗೆ ತೆರೆದಾಗ ಎರರ್ ಇಲ್ಲ, ಮಾಮೂಲಿಯಾಗಿ ತೆರೆದಾಗ ಇದೆ ಎಂದರೆ ತಪ್ಪು ಕೋಡ್‌ನಲ್ಲೇ ಇದೆ. ಎರಡೇ ನಿಮಿಷದ ಪರೀಕ್ಷೆ, ಇದನ್ನು ಬಿಡಬೇಡಿ.

ಕೋಡ್ ಒಳಗೆ ನಾನು ಮೊದಲು ನೋಡುವುದು ಪುಟದ ಹೆಸರು. ಕೋಡ್ ಒಂದು ಪುಟವನ್ನು ಅದರ ಹೆಸರಿನಿಂದಲೇ ಕರೆಯುತ್ತದೆ. ಯಾರೋ ಚೆಂದ ಕಾಣಲಿ ಎಂದು ಟ್ಯಾಬ್‌ನ ಹೆಸರನ್ನು "ವಿವರ" ಎಂದು ಬದಲಿಸಿರುತ್ತಾರೆ. ಕೋಡ್ ಇನ್ನೂ ಹಳೆ ಹೆಸರನ್ನೇ ಕರೆಯುತ್ತಿರುತ್ತದೆ. ಎರಡನೆಯದು, ಐಟಮ್ ಓಪನ್ ಫಂಕ್ಷನ್ ಫಾಲ್ಸ್ ಎಂದು ಉತ್ತರ ಕೊಟ್ಟರೆ ಫಾರ್ಮ್ ತೆರೆಯುವುದೇ ಇಲ್ಲ. ಐಟಮ್ ಸೆಂಡ್ ಫಾಲ್ಸ್ ಕೊಟ್ಟರೆ ಮೇಲ್ ಹೋಗುವುದಿಲ್ಲ. ಮೂರನೆಯದು, ಎಕ್ಸೆಲ್ ಮ್ಯಾಕ್ರೋದಿಂದ ಎತ್ತಿ ತಂದ ಸಾಲುಗಳು. ಅಲ್ಲಿ ನಡೆಯುವ ಓಎಲ್ ಮೇಲ್‌ಐಟಮ್‌ನಂಥ ಹೆಸರುಗಳು ವಿಬಿಸ್ಕ್ರಿಪ್ಟ್‌ಗೆ ಗೊತ್ತಿಲ್ಲ, ಅದರ ಜಾಗದಲ್ಲಿ 0 ಎಂಬ ಅಂಕಿಯನ್ನೇ ಬರೆಯಬೇಕು. ಆನ್ ಎರರ್ ರೆಸ್ಯೂಮ್ ನೆಕ್ಸ್ಟ್ ಎಂಬ ಸಾಲು ಇದ್ದರೆ ಮೊದಲು ಅದನ್ನು ತೆಗೆಯಿರಿ. ಅದು ಎರರ್‌ಗಳನ್ನೆಲ್ಲ ನುಂಗಿ ಹಾಕುತ್ತದೆ. ಆಮೇಲೆ ಅಲ್ಲಲ್ಲಿ ಒಂದೊಂದು ಮೆಸೇಜ್ ಬಾಕ್ಸ್ ಹಾಕಿ, ಯಾವ ಬಾಕ್ಸ್ ತನಕ ಬಂದು ನಿಲ್ಲುತ್ತದೆ ಎಂದು ನೋಡಿ.

ತುಂಬಿ ಕಳಿಸಿದ್ದು ಆ ಕಡೆ ಖಾಲಿ

ಇದಕ್ಕೆ ಫಾರ್ಮ್‌ನ ಡಿಸೈನ್ ತೆರೆದು ನೋಡಬೇಕು. ಡೆವಲಪರ್ ಟ್ಯಾಬ್ ಕಾಣದಿದ್ದರೆ ಫೈಲ್, ಆಪ್ಷನ್ಸ್, ಕಸ್ಟಮೈಸ್ ರಿಬ್ಬನ್‌ಗೆ ಹೋಗಿ ಡೆವಲಪರ್‌ಗೆ ಟಿಕ್ ಹಾಕಿ. ಆಮೇಲೆ ಡಿಸೈನ್ ಎ ಫಾರ್ಮ್ ಮೂಲಕ ನಿಮ್ಮ ಫಾರ್ಮ್ ತೆರೆಯಿರಿ.

ಖಾಲಿ ಕಾಣುವ ಪೆಟ್ಟಿಗೆ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ವ್ಯಾಲ್ಯೂ ಟ್ಯಾಬ್. ಚೂಸ್ ಫೀಲ್ಡ್ ಎದುರು ಏನೂ ಇಲ್ಲದಿದ್ದರೆ ಆ ಪೆಟ್ಟಿಗೆಗೆ ತಳವೇ ಇಲ್ಲ ಎಂದರ್ಥ. ಟೈಪ್ ಮಾಡಿದ್ದು ಕಣ್ಣಿಗೆ ಕಾಣುತ್ತದೆ, ಆದರೆ ಉಳಿಯುವುದಿಲ್ಲ. ಒಂದು ಫೀಲ್ಡ್‌ಗೆ ಜೋಡಿಸಿ.

ಅದು ಸರಿ ಇದ್ದರೂ ಪಡೆದವರಿಗೆ ಕಾಣದಿದ್ದರೆ, ಕಾರಣ ಓದುವ ಪುಟ. ಮೇಲ್ ಫಾರ್ಮ್‌ಗೆ ಬರೆಯುವ ಪುಟ, ಓದುವ ಪುಟ ಎಂದು ಎರಡು ಮುಖ ಇರಬಹುದು. ಸೆಪರೇಟ್ ರೀಡ್ ಲೇಔಟ್ ಆನ್ ಇದ್ದು, ಬರೆಯುವ ಪುಟದಲ್ಲಿ ಮಾತ್ರ ಪೆಟ್ಟಿಗೆ ಇಟ್ಟಿದ್ದರೆ ಆ ಕಡೆಯವರಿಗೆ ಏನೂ ಕಾಣುವುದಿಲ್ಲ. ಎಡಿಟ್ ರೀಡ್ ಪೇಜ್ ಒತ್ತಿ ಅಲ್ಲಿಗೂ ಅವೇ ಪೆಟ್ಟಿಗೆಗಳನ್ನು ಕಾಪಿ ಮಾಡಿ ಹಾಕಿ.

ಹೊರಗಿನ ಸಂಸ್ಥೆಗೆ ಕಳಿಸಿದಾಗ ಅವರಿಗೆ ವಿನ್‌ಮೇಲ್ ಡ್ಯಾಟ್ ಎಂಬ ಫೈಲ್ ಮಾತ್ರ ಸಿಕ್ಕಿದರೆ ಅದು ಔಟ್‌ಲುಕ್‌ನ ಸ್ವಂತ ರಿಚ್ ಟೆಕ್ಸ್ಟ್ ಮೇಲ್ ರೂಪದ ಗುಣ. ಅವರಲ್ಲಿ ನಿಮ್ಮ ಫಾರ್ಮ್ ಇಲ್ಲ, ಇರಲು ಸಾಧ್ಯವೂ ಇಲ್ಲ. ಹೊರಗೆ ಹೋಗುವುದನ್ನು ಮಾಮೂಲಿ ಮೇಲ್‌ನಲ್ಲೇ ಬರೆದು ಕಳಿಸಿ. ಕಸ್ಟಮ್ ಫಾರ್ಮ್ ಆಫೀಸಿನ ಒಳಗಿನ ಕೆಲಸಕ್ಕೆ ಇರಲಿ.

ಹೊಸ ಫಾರ್ಮ್ ಬಂದರೂ ಹಳೆ ಐಟಮ್‌ಗಳು ಬದಲಾಗುವುದಿಲ್ಲ

ಕಾಂಟ್ಯಾಕ್ಟ್ ಫೋಲ್ಡರಿನಲ್ಲಿ ಇದು ಸಾಮಾನ್ಯ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ "ವೆನ್ ಪೋಸ್ಟಿಂಗ್ ಟು ದಿಸ್ ಫೋಲ್ಡರ್, ಯೂಸ್" ಎಂಬಲ್ಲಿ ಹೊಸ ಫಾರ್ಮ್ ಆರಿಸುತ್ತೀರಿ. ಹೊಸ ಕಾಂಟ್ಯಾಕ್ಟ್ ಸರಿ ತೆರೆಯುತ್ತದೆ, ಹಳೆಯವು ಹಳೆ ಫಾರ್ಮ್‌ನಲ್ಲೇ ತೆರೆಯುತ್ತವೆ. ಅವುಗಳ ಚೀಟಿಯಲ್ಲಿ ಹಳೆ ಹೆಸರೇ ಇದೆಯಲ್ವಾ. ಆಲ್ಟ್ ಎಫ್11 ಒತ್ತಿ ವಿಬಿಎ (ಮ್ಯಾಕ್ರೋ ಬರೆಯುವ ಕಿಟಕಿ) ತೆರೆದು, ಫೋಲ್ಡರಿನ ಪ್ರತಿ ಐಟಮ್‌ನ ಮೆಸೇಜ್ ಕ್ಲಾಸ್ ಬದಲಿಸಿ ಸೇವ್ ಮಾಡುವ ಒಂದು ಸಣ್ಣ ಲೂಪ್ ಬರೆದರೆ ಕೆಲಸ ಆಗುತ್ತದೆ. ಮೊದಲು ನಾಲ್ಕೈದು ಐಟಮ್‌ಗಳನ್ನು ಬೇರೆ ಫೋಲ್ಡರಿಗೆ ಕಾಪಿ ಮಾಡಿ ಅವುಗಳ ಮೇಲೆ ಓಡಿಸಿ ನೋಡಿ.

ಮತ್ತೆ ಪಬ್ಲಿಶ್ ಮಾಡುವಾಗ

ತಿದ್ದಿದ ಫಾರ್ಮ್‌ಗೆ ಅದೇ ಹೆಸರು, ಅದೇ ಲೈಬ್ರರಿ. ಹೆಸರು ಬದಲಿಸಿದರೆ ಇದುವರೆಗಿನ ಮೇಲ್‌ಗಳೆಲ್ಲ ಅನಾಥ ಆಗುತ್ತವೆ. ಪ್ರಾಪರ್ಟೀಸ್ ಪುಟದಲ್ಲಿ ವರ್ಷನ್ ನಂಬರ್ ಒಂದು ಹೆಚ್ಚಿಸಿ. ಪಬ್ಲಿಶ್ ಮಾಡುವ ಮುಂಚೆ ಓಎಫ್‌ಟಿ ಆಗಿ ಒಂದು ಪ್ರತಿ ಉಳಿಸಿ, ಫೈಲಿನ ಹೆಸರಲ್ಲೇ ತಾರೀಕು ಹಾಕಿ.

ಆಮೇಲೆ ಪರೀಕ್ಷೆ. ಎಲ್ಲ ಪೆಟ್ಟಿಗೆ ತುಂಬಿ ನಿಮಗೇ ಒಂದು ಮೇಲ್ ಕಳಿಸಿ. ಇನ್ನೊಂದು ಕಂಪ್ಯೂಟರಿಗೆ ಕಳಿಸಿ. ಅಲ್ಲಿಂದ ರಿಪ್ಲೈ ಮಾಡಿ, ಫಾರ್ವರ್ಡ್ ಮಾಡಿ. ಔಟ್‌ಲುಕ್ ಮುಚ್ಚಿ ತೆರೆದು ಅದೇ ಮೇಲ್ ಮತ್ತೆ ನೋಡಿ. ಒಂದು ಹಳೆ ಮೇಲ್ ಕೂಡ ತೆರೆಯಿರಿ.

ಅಕ್ಕನ ಪರ್ಸನಲ್ ಫಾರ್ಮ್ಸ್‌ನಲ್ಲಿ ಇದ್ದ ಹಳೆ ಪ್ರತಿ ತೆಗೆದು, ಕ್ಯಾಶೆ ಇನ್ನೊಮ್ಮೆ ಖಾಲಿ ಮಾಡಿದೆವು. ಬೆಳಗ್ಗೆ ಖಾಲಿ ಕಂಡ ಅದೇ ಮೇಲ್ ಅವರೇ ತೆರೆದರು. ಕಂಟೇನರ್ ನಂಬರ್ ಇತ್ತು, ಹಡಗಿನ ಹೆಸರೂ ಇತ್ತು. ಬಟನ್ ಒತ್ತಿದರು, ಹನ್ನೊಂದು ಸರಿ ಇದೆ ಎಂದಿತು. ಹೊರಡುವ ಮೊದಲು ಒಂದು ಕಾಗದದಲ್ಲಿ ಮೆಸೇಜ್ ಕ್ಲಾಸ್, ಯಾವ ಲೈಬ್ರರಿ, ಈಗಿನ ವರ್ಷನ್, ಓಎಫ್‌ಟಿ ಎಲ್ಲಿದೆ ಎಂದು ನಾಲ್ಕು ಸಾಲು ಬರೆದು, ಕಪಾಟಿನ ಬಾಗಿಲ ಒಳಗೆ ಅಂಟಿಸಿ ಬಂದೆ.